ಪರದೆ ಎಳೆದ ಮನೆ

ಹಲ್ಲು ನೀಲಿಗಟ್ಟಿತ್ತು. ನೀಲಿ ಎಂದರೆ ಶಾಯಿಯ ನೀಲಿಯಲ್ಲ. ಹಾಲಿಗೆ ನೀರು ಹೆಚ್ಚಾದಾಗ ಲೋಟದ ಅಂಚಿನಲ್ಲಿ ಕಾಣುತ್ತದಲ್ಲ, ಆ ಬಗೆಯದು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಒಯ್ದ, ಮತ್ತೆ ಮೇಜಿನ ಮೇಲಿನ ಟ್ಯೂಬ್‌ಲೈಟಿನ ಕೆಳಗೆ ತಂದ, ಮತ್ತೆ ಕಿಟಕಿಗೆ ಒಯ್ದ. ಟ್ಯೂಬ್‌ಲೈಟಿನ ಕೆಳಗೆ ಅದು ಯಾರ ಬಾಯಲ್ಲಾದರೂ ಇರಬಹುದಾದ ಸಭ್ಯ ಹಲ್ಲು. ಕಿಟಕಿಯಲ್ಲಿ ಶುದ್ಧ ಸುಳ್ಳು. ಹಲ್ಲಿನ ಬಣ್ಣವನ್ನು ಹಗಲಿನ ಬೆಳಕಿನಲ್ಲೇ ಹೊಂದಿಸಬೇಕು ಎನ್ನುವುದು ಕಟ್ಟು ಹಲ್ಲು ಮಾಡುವ ಅವನ ಕಸುಬಿನಲ್ಲಿ ಮೊದಲ ದಿನ ಕಲಿಸುವ ಪಾಠ. ಅದನ್ನೇ ತಪ್ಪಿದ್ದ. ಕಟ್ಟಿಸಿಕೊಂಡಾಕೆ ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು, ಇಡೀ ದಿನ ಜನರ ಮುಖ ನೋಡಿ ನಗಬೇಕಾದವಳು. ‘ಟ್ಯೂಬ್‌ಲೈಟಲ್ಲಿ ಮಾಡಿದ್ಯಾ ಇದನ್ನ?’ ಎಂದು ಡಾಕ್ಟರು ಅವಳ ಎದುರಿಗೇ ಕೇಳಿದ್ದರು. ಆಮೇಲೆ ಆಕೆಯತ್ತ ತಿರುಗಿ, ‘ಏನ್ಮಾಡೋದಮ್ಮ, ಮೊದಲು ಇವನ ಕೈ ಚೆನ್ನಾಗಿತ್ತು. ಮನೆ ಅಳಿಯ ಆದ ಮೇಲೆ ಅತ್ತೆ ಊಟಕ್ಕೆ ಕಣ್ಣು ಮಂಜಾಗಿದೆ.’ ಆಕೆ ನಕ್ಕಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದಳು. ಆ ಕೈ ಅವನು ಮಾಡಿದ ಒಂದು ಹಲ್ಲನ್ನಷ್ಟೇ ಮುಚ್ಚಿತು. ಡಾಕ್ಟರ ಮಾತಿಗಿಂತ ಆ ಕೈ ಅವನಿಗೆ ಹೆಚ್ಚು ನಾಟಿತು.

ಟ್ಯೂಬ್‌ಲೈಟಿನಲ್ಲಿ ಯಾಕೆ ಮಾಡಿದೆ ಎನ್ನುವುದಕ್ಕೆ ಅವನ ಹತ್ತಿರ ಉತ್ತರವಿತ್ತು, ಆದರೆ ಅದು ಹೇಳಿಕೊಳ್ಳುವಂಥದ್ದಲ್ಲ. ಈಚೆಗೆ ಅವನು ಸಂಜೆಗಳನ್ನು ಕೆಲಸದ ಕೋಣೆಯಲ್ಲೇ ಸವೆಸುತ್ತಿದ್ದ. ಮೇಣ ಕರಗಿಸಿ, ಅಚ್ಚು ಉಜ್ಜಿ, ಬೇಕಿಲ್ಲದ ಕಡೆಯೂ ಪಾಲಿಶ್ ಹಿಡಿದು, ಕತ್ತಲಾಗಿ ಎಷ್ಟೋ ಹೊತ್ತಾದ ಮೇಲೆ ಮನೆಗೆ ಹೋಗುತ್ತಿದ್ದ. ಅತ್ತೆಯ ಮನೆಯಲ್ಲಿ ದೀಪ ಹಚ್ಚುವ ಹೊತ್ತು ಅವನಿಗೆ ಆಗಿಬರುತ್ತಿರಲಿಲ್ಲ. ಆ ಬೀದಿಯಲ್ಲಿ ಕತ್ತಲಾಗುತ್ತಿದ್ದಂತೆ ಎಲ್ಲ ಮನೆಗಳ ನಡುಮನೆಯಲ್ಲೂ ದೀಪ ಹೊತ್ತಿಕೊಳ್ಳುತ್ತಿತ್ತು. ಯಾರೂ ಪರದೆ ಎಳೆಯುತ್ತಿರಲಿಲ್ಲ. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದರೆ ಯಾರ ಮನೆಯಲ್ಲಿ ಮುನಿಸು, ಯಾರ ಮನೆಯಲ್ಲಿ ನೆಂಟರು, ಯಾರು ಮಗುವಿಗೆ ಲೆಕ್ಕ ಹೇಳಿಕೊಡುತ್ತ ತಲೆ ಚಚ್ಚಿಕೊಳ್ಳುತ್ತಿದ್ದಾರೆ, ಎಲ್ಲ ಗಾಜಿನ ಡಬ್ಬಿಯೊಳಗಿನ ಮಿಠಾಯಿಯ ಹಾಗೆ ಕಾಣುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಎದುರು ಮನೆಯ ಡ್ರೈವರ್ ಮಾಮ, ಬಸ್ಸು ಓಡಿಸಿ ನಿವೃತ್ತನಾದ ದೊಡ್ಡ ದನಿಯ ಮುದುಕ, ಬೆಳಿಗ್ಗೆ ಗೇಟಿನ ಹತ್ತಿರ ಹಿಡಿದು ನಿಲ್ಲಿಸಿ ಕೇಳಿದ್ದ: ‘ಏನ್ ಅಳಿಯಂದ್ರೇ, ನಿನ್ನೆ ರಾತ್ರಿ ಎರಡನೇ ಸಲ ಬಡಿಸ್ಕೊಳ್ಳಲೇ ಇಲ್ಲ? ಹೊಟ್ಟೆ ಸರಿ ಇಲ್ವಾ, ಅತ್ತೆ ಸರಿ ಇಲ್ವಾ?’ ಇಡೀ ಬೀದಿಗೆ ಅವನು ಅಳಿಯಂದ್ರು. ಅಂದಿನಿಂದ ಅವನ ಗಂಟಲಲ್ಲಿ ಒಂದೊಂದು ತುತ್ತೂ ನೋಡುವವರ ಕಣ್ಣನ್ನು ದಾಟಿಯೇ ಇಳಿಯತೊಡಗಿತು.

ಅವನು ಬೆಳೆದ ಮನೆಯಲ್ಲಿ ಮೊದಲು ಪರದೆ, ಆಮೇಲೆ ದೀಪ. ಅಮ್ಮ ಕತ್ತಲಲ್ಲೇ ಕಿಟಕಿಯಿಂದ ಕಿಟಕಿಗೆ ನಡೆದು ದಪ್ಪ ಬಟ್ಟೆಯನ್ನು ಎಳೆದು, ಎರಡು ಅಂಚು ಕೂಡುವಲ್ಲಿ ಬಾಯಲ್ಲಿ ಹಿಡಿದಿದ್ದ ಪಿನ್ನು ಚುಚ್ಚಿ, ಅಂಗೈಯಿಂದ ಮೇಲಿನಿಂದ ಕೆಳಗೆ ಸವರಿ, ಎಲ್ಲೂ ಸಂದು ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆ ‘ಹೂಂ’ ಎನ್ನುತ್ತಿದ್ದಳು. ಆ ಹೂಂಕಾರದ ನಂತರವೇ ಅಣ್ಣ ಸ್ವಿಚ್ಚು ಒತ್ತಬೇಕು. ಒಮ್ಮೆ ಅಣ್ಣ ಅವಸರಪಟ್ಟು ಮೊದಲೇ ಒತ್ತಿದಾಗ ಅಮ್ಮ ಕೂತಲ್ಲೇ ಕುಗ್ಗಿದ್ದು ಅವನಿಗೆ ಇನ್ನೂ ಕಾಣುತ್ತದೆ, ಬಟ್ಟೆ ಬದಲಿಸುವಾಗ ಯಾರೋ ಬಾಗಿಲು ತೆಗೆದ ಹಾಗೆ. ಅಪ್ಪ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಿದ್ದ ವರ್ಷಗಳು ಅವು. ‘ನಾವು ತಿನ್ನೋದು ಜನಕ್ಕೆ ಕಾಣಬಾರದು. ತಿನ್ನದೇ ಇರೋದಂತೂ ಕಾಣಲೇಬಾರದು,’ ಎಂದಿದ್ದಳು ಅಮ್ಮ. ಆ ಪರದೆಯ ಹಿಂದೆ ಅವರು ನಾಲ್ಕು ಜನ ಪಿಸುದನಿಯಲ್ಲಿ ಜಗಳವಾಡಿ, ಪಿಸುದನಿಯಲ್ಲಿ ನಕ್ಕು, ಒಂದೇ ಬಲ್ಬಿನ ಕೆಳಗೆ ಒತ್ತಿಕೊಂಡು ಕೂತಿರುತ್ತಿದ್ದರು. ಅವನ ಮಟ್ಟಿಗೆ ಮನೆ ಎಂದರೆ ಅದೇ: ಹೊರಗಿನಿಂದ ನೋಡಿದರೆ ಯಾರೂ ಇಲ್ಲ ಎನಿಸಬೇಕು. ಅಂಥ ಅಮ್ಮ ಒಂದೇ ಒಂದು ಸಲ ಇಲ್ಲಿಗೆ ಬಂದಿದ್ದಳು, ಅಣ್ಣನ ಜೊತೆ. ಸಂಜೆ ದೀಪ ಹಾಕಿದೊಡನೆ ಅವಳ ಕಣ್ಣು ಕಿಟಕಿಗೆ ಹೋಯಿತು. ಕುರ್ಚಿಯನ್ನು ಗೋಡೆಯತ್ತ ತಿರುಗಿಸಿಕೊಂಡು, ಬೀದಿಗೆ ಬೆನ್ನು ಕೊಟ್ಟು ಉಂಡಳು. ಕೊನೆಗೆ ತಡೆಯಲಾರದೆ, ‘ಇದೇನ್ರೀ ಬೀಗರೇ, ಅಂಗಡಿ ಹಾಗೆ ತೆರೆದಿಟ್ಟಿದ್ದೀರಲ್ಲ,’ ಎಂದಳು. ಅತ್ತೆ ಸಾವಧಾನವಾಗಿ, ‘ಮಾರೋಕೆ ಏನೂ ಇಲ್ಲ ಬೀಗರೇ, ನೋಡೋಕೆ ಮಾತ್ರ,’ ಎಂದರು. ಎಲ್ಲರೂ ನಕ್ಕರು. ಅಣ್ಣ ಹೊರಡುವಾಗ ಅವನ ಕಿವಿಯಲ್ಲಿ, ‘ಮನೆ ಅಳಿಯ ಮನೆ ತೊಳೆಯ ಅಂತಿದ್ದೆ. ಇದು ಅದಕ್ಕಿಂತ ಮೇಲು ಬಿಡು, ಗಾಜು ಒರೆಸೋ ಕೆಲಸ,’ ಎಂದಿದ್ದ.

ಅತ್ತೆ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವವರು. ಯಾವ ಬಸ್ಸು ಎಲ್ಲಿಗೆ, ಎಷ್ಟನೇ ಅಂಕಣದಿಂದ ಹೊರಡುತ್ತದೆ, ತಡವಾದರೆ ಎಷ್ಟು ತಡ, ಎಲ್ಲವನ್ನೂ ಏರಿಳಿತವಿಲ್ಲದ ದನಿಯಲ್ಲಿ ಹೇಳುವ ಕೆಲಸ. ಆ ದನಿ ಮನೆಗೂ ಬಂದುಬಿಟ್ಟಿತ್ತು. ಅವನಿಗಂತೂ ಅವರು ಒಂದು ದಿನವೂ ಬಹುವಚನ ತಪ್ಪಿಸಿದವರಲ್ಲ. ‘ಬನ್ನಿ, ಊಟ ತಯಾರಿದೆ.’ ‘ನೀರು ಕಾದಿದೆ, ಸ್ನಾನಕ್ಕೆ ಹೋಗಿ.’ ‘ಕೊಡೆ ತಗೊಂಡು ಹೋಗಿ, ಮೋಡ ಆಗಿದೆ.’ ಮಾತಿನಲ್ಲಿ ಕೊಂಕಿಲ್ಲ, ಕೊರತೆಯಿಲ್ಲ. ಆದರೆ ಪ್ರತಿ ಸಲವೂ ತಾನು ಕೈಯಲ್ಲಿ ಪೆಟ್ಟಿಗೆ ಹಿಡಿದು ಸಾಲಿನಲ್ಲಿ ನಿಂತ ಪ್ರಯಾಣಿಕ ಎಂದು ಅವನಿಗೆ ಅನಿಸುತ್ತಿತ್ತು. ‘ಅಮ್ಮ ಕರೆದ್ರೆ ನಂಗೂ ಟಿಕೆಟ್ ಹುಡುಕ್ಕೋಬೇಕು ಅನ್ಸುತ್ತೆ,’ ಎಂದು ಹೆಂಡತಿ ನಗುತ್ತಿದ್ದಳು. ಅವಳು ನಗಬಹುದು, ಅವಳನ್ನು ಅವರು ಕೋತಿ, ಸೋಮಾರಿ, ಬಾರೇ, ಹೋಗೇ ಎಂದು ಮನಸ್ಸು ಬಂದಂತೆ ಕರೆಯುತ್ತಿದ್ದರು. ಎದುರು ಮನೆಯ ಬೆಕ್ಕಿಗೂ ಏಕವಚನವಿತ್ತು. ಅಳಿಯ ಅಲ್ಲ ಮಗಳ ಗಂಡ ಎನ್ನುವ ಗಾದೆಯನ್ನು ಚಿಕ್ಕಂದಿನಲ್ಲಿ ಕೇಳಿ ಅರ್ಥವಾಗದೆ ನಕ್ಕಿದ್ದ. ಈಗ ಅದರಲ್ಲಿ ನಗುವಂಥದ್ದು ಏನೂ ಕಾಣುತ್ತಿರಲಿಲ್ಲ.

ಅದಕ್ಕೇ ಅವನು ಒಂದು ಬಾಡಿಗೆ ಮನೆ ನೋಡಿ ಬಂದಿದ್ದ. ಮೂರನೇ ಮಹಡಿ, ಎರಡು ಕೋಣೆ. ತೋರಿಸಲು ಬಂದ ಯಜಮಾನ ಕಿಟಕಿ ತೆರೆದು, ‘ಇದೊಂದು ಐಬು ನೋಡಿ, ಎದುರಿಗೆ ಗೋಡೆ,’ ಎಂದು ಸಂಕೋಚಪಟ್ಟಿದ್ದ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದ, ಗಾರೆ ಮಾಡದ ಇಟ್ಟಿಗೆಯ ಗೋಡೆ. ಅವನಿಗೆ ಆ ಗೋಡೆಯನ್ನು ತಬ್ಬಿಕೊಳ್ಳಬೇಕೆನಿಸಿತು. ಇವತ್ತು ಸಂಜೆಯೊಳಗೆ ಫೋನ್ ಮಾಡಿ ಹೇಳಬೇಕು, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ ಯಜಮಾನ. ಹೆಂಡತಿ ಮೊದಲು ಮಾತು ಬಿಟ್ಟಳು, ಆಮೇಲೆ ಅತ್ತಳು, ಆಮೇಲೆ, ‘ನಿಂಗೆ ಇಲ್ಲಿ ಉಸಿರು ಕಟ್ಟೋದಾದ್ರೆ ಬರ್ತೀನಿ. ಆದ್ರೆ ಅಮ್ಮನಿಗೆ ನಾನು ಹೇಳಲ್ಲ. ನೀನೇ ಹೇಳು. ಮುಖ ನೋಡಿ ಹೇಳು,’ ಎಂದಿದ್ದಳು. ಅದೂ ಇವತ್ತೇ ಆಗಬೇಕಿತ್ತು. ಅವಳು ಕೆಲಸ ಮಾಡುವ ಅಂಗಡಿಯಲ್ಲಿ ಸರಕು ಎಣಿಸುವ ದಿನ, ಬರುವುದು ತಡ. ಅತ್ತೆ ಪಾಳಿ ಮುಗಿಸಿ ಬರುವುದು ಕತ್ತಲಾದ ಮೇಲೆ. ನೀಲಿ ಹಲ್ಲನ್ನು ಹತ್ತಿಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಅವನು ಬಹಳ ದಿನಗಳ ಮೇಲೆ ಬೆಳಕಿರುವಾಗಲೇ ಮನೆಗೆ ಹೊರಟ.

ಬೀಗ ತೆಗೆದು ಒಳಗೆ ಬಂದಾಗ ಮನೆ ಅವನಿಗಾಗಿಯೇ ಉಸಿರು ಹಿಡಿದು ಕಾದಿದ್ದ ಹಾಗಿತ್ತು. ಈ ಮನೆಯಲ್ಲಿ ಅವನು ಒಬ್ಬನೇ ಇದ್ದದ್ದು ಇದೇ ಮೊದಲು. ಹೊರಗೆ ಬೀದಿ ನಿಧಾನ ಮಸುಕಾಗುತ್ತಿತ್ತು. ಡ್ರೈವರ್ ಮಾಮನ ನಡುಮನೆಯಲ್ಲಿ ದೀಪ ಬಂತು, ಪಕ್ಕದ ಟೀಚರಕ್ಕನ ಮನೆಯಲ್ಲಿ ಬಂತು. ಸ್ವಿಚ್ಚಿಗೆ ಹೋದ ಕೈಯನ್ನು ಅವನು ಹಿಂದೆ ತೆಗೆದ. ಕಿಟಕಿಯ ಎರಡು ಬದಿಯಲ್ಲೂ ಪರದೆಗಳು ಇದ್ದವು. ಎಲ್ಲ ಮನೆಗಳಲ್ಲೂ ಇದ್ದವು, ಧೂಳು ಕೊಡವಿ, ಮಡಿಕೆ ಕೂಡಿಸಿ, ಹುಡುಗಿಯರ ಜಡೆಯ ಹಾಗೆ ನಡುವಿಗೆ ಪಟ್ಟಿ ಕಟ್ಟಿ ನಿಲ್ಲಿಸಿದ ಪರದೆಗಳು. ‘ಎಳೆಯೋದೇ ಇಲ್ಲ ಅಂದ್ಮೇಲೆ ಇವು ಯಾಕೆ?’ ಎಂದು ಹೆಂಡತಿಯನ್ನು ಒಮ್ಮೆ ಕೇಳಿದ್ದ. ‘ಇರ್ಲಿ ಅಂತ,’ ಎಂದು ಅವಳು ಎದ್ದು ಹೋಗಿದ್ದಳು. ಈಗ ಪಟ್ಟಿ ಬಿಚ್ಚಿದ. ಎಳೆದರೆ ಬರಲಿಲ್ಲ, ಉಂಗುರಗಳು ಸರಳಿಗೆ ಕಚ್ಚಿಕೊಂಡಿದ್ದವು. ಕುರ್ಚಿ ಹತ್ತಿ ಒಂದೊಂದನ್ನೇ ಬಿಡಿಸಿ ಎಳೆದಾಗ ಕಿರುಗುಟ್ಟಿಕೊಂಡು ಬಂದವು. ಮಡಿಕೆಯೊಳಗಿನ ಬಟ್ಟೆ ಹೊರಗಿನದಕ್ಕಿಂತ ಗಾಢ ಬಣ್ಣದ್ದು, ಬಿಸಿಲನ್ನೇ ಕಾಣದ್ದು. ಎರಡು ಅಂಚನ್ನೂ ಕೂಡಿಸಿ, ಅಂಗೈಯಿಂದ ಮೇಲಿನಿಂದ ಕೆಳಗೆ ಸವರಿದ. ತನಗೆ ತಿಳಿಯದೆಯೇ ‘ಹೂಂ’ ಎಂದ. ಆಮೇಲೆ ಮೂಲೆಯ ಸಣ್ಣ ದೀಪವನ್ನಷ್ಟೇ ಹಾಕಿದ.

ಎಷ್ಟು ದಿನದಿಂದ ಇದಕ್ಕೆ ಹಂಬಲಿಸಿದ್ದ! ಯಾರೂ ನೋಡದಿರುವಾಗ ಮಾಡಬೇಕಾದ್ದು ಎಷ್ಟೆಲ್ಲ ಇತ್ತು ಎಂದುಕೊಂಡಿದ್ದ. ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಂತ. ಅಡುಗೆಮನೆಗೆ ಹೋಗಿ ಪಾತ್ರೆಯಿಂದಲೇ ಒಂದು ತುತ್ತು ತಿಂದ, ಹಸಿವಿರಲಿಲ್ಲ. ಕನ್ನಡಿಯ ಮುಂದೆ ಡಾಕ್ಟರನ್ನು ಅಣಕಿಸಿ ನೋಡಿದ, ಚೆನ್ನಾಗಿ ಬರಲಿಲ್ಲ. ಅಳಬಹುದು ಎನಿಸಿತು, ಅಳುವೂ ಬರಲಿಲ್ಲ. ಸೋಫಾದ ಮೇಲೆ ಉದ್ದಕ್ಕೆ ಮಲಗಿದ, ಮಲಗಿ ಎದ್ದ. ಬಚ್ಚಿಡಲು ಏನೂ ಇಲ್ಲದವನು ಬಚ್ಚಿಟ್ಟುಕೊಂಡ ಹಾಗಾಯಿತಲ್ಲ ಎಂದು ಅವನಿಗೆ ಒಳಗೊಳಗೇ ಪೆಚ್ಚಾಯಿತು. ಅಮ್ಮನ ಪರದೆಯ ಹಿಂದೆ ನಾಲ್ಕು ಜನರಿದ್ದರು. ಬಚ್ಚಿಡಲು ಒಂದು ಇಡೀ ಸಂಸಾರವೇ ಇತ್ತು. ಇಲ್ಲಿ ಇದ್ದದ್ದು ಬನಿಯನ್ನು ತೊಟ್ಟ ಒಬ್ಬ ಮನುಷ್ಯ, ಒಂದು ವಾಕ್ಯ. ಆ ವಾಕ್ಯವನ್ನು ಪರದೆಗೆ ಹೇಳಿ ನೋಡಿದ: ‘ಅತ್ತೆ, ನಾವು ಬೇರೆ ಮನೆ ಮಾಡೋಣ ಅಂತಿದ್ದೀವಿ.’ ಇನ್ನೊಮ್ಮೆ: ‘ಅತ್ತೆ, ತಪ್ಪು ತಿಳೀಬೇಡಿ.’ ತಪ್ಪು ತಿಳಿಯಬೇಡಿ ಎಂದು ಶುರು ಮಾಡಿದರೆ ಯಾರಾದರೂ ಸರಿಯಾಗಿ ತಿಳಿಯುತ್ತಾರೆಯೇ? ಹೊರಗೆ ಬೀದಿ ಎಂದಿನಂತಿರಲಿಲ್ಲ. ಟಿವಿಗಳ ಗದ್ದಲವಿಲ್ಲ, ಯಾರೋ ಯಾರನ್ನೋ ಊಟಕ್ಕೆ ಕರೆಯುವುದಿಲ್ಲ. ಪರದೆ ದಪ್ಪಗಿದೆ, ಸದ್ದನ್ನೂ ತಡೆಯುತ್ತದೆ ಎಂದುಕೊಂಡು ಖುಷಿಪಟ್ಟ. ಅಷ್ಟರಲ್ಲಿ ಬಾಗಿಲು ಸದ್ದಾಯಿತು, ಬಡಿದಂತಲ್ಲ, ಯಾರೋ ಬೆರಳ ತುದಿಯಿಂದ ಮುಟ್ಟಿದ ಹಾಗೆ.

ಅಂಗಿ ಸಿಕ್ಕಿಸಿಕೊಂಡು ತೆಗೆದರೆ ಡ್ರೈವರ್ ಮಾಮ. ಆದರೆ ಮೊದಲ ನೋಟಕ್ಕೆ ಗುರುತು ಹತ್ತಲಿಲ್ಲ. ಕೆನ್ನೆ ಒಳಗೆ ಬಿದ್ದು, ತುಟಿ ಮಡಿಚಿಕೊಂಡು, ಮುಖವೇ ಅರ್ಧವಾಗಿತ್ತು. ಮಾಮ ಹಲ್ಲಿನ ಸೆಟ್ಟು ಹಾಕಿಕೊಂಡಿರಲಿಲ್ಲ. ಆ ಸೆಟ್ಟನ್ನು ಅವನೇ ಮಾಡಿಕೊಟ್ಟಿದ್ದ. ಬೀದಿಯಲ್ಲಿ ಯಾರೂ ತನ್ನನ್ನು ಬೊಚ್ಚು ಬಾಯಲ್ಲಿ ನೋಡಬಾರದು ಎಂದು ಮಾಮ, ಕಿಟಕಿ ಇಲ್ಲದ ಬಚ್ಚಲಿನಲ್ಲಿ ಮಾತ್ರ ಅದನ್ನು ತೆಗೆದು ಲೋಟಕ್ಕೆ ಹಾಕುತ್ತಿದ್ದುದು ಅವನೊಬ್ಬನಿಗೇ ಗೊತ್ತಿದ್ದ ಗುಟ್ಟು. ಈಗ ಆ ಮನುಷ್ಯ ಬೊಚ್ಚು ಬಾಯಲ್ಲೇ ಬೀದಿ ದಾಟಿ ಬಂದಿದ್ದ.

‘ಯಾವಾಗ ಆಯ್ತಪ್ಪಾ?’ ಎಂದ ಮಾಮ, ಅವನ ಎರಡೂ ಕೈ ಹಿಡಿದು.

ಬಾಡಿಗೆ ಮನೆಯ ಯಜಮಾನ ಯಾರ ಹತ್ತಿರವೋ ಬಾಯಿಬಿಟ್ಟಿರಬೇಕು ಎಂದುಕೊಂಡ ಅವನು. ‘ನಿಮ್ಗೆ ಯಾರು ಹೇಳಿದ್ರು ಮಾಮ?’

‘ಯಾರು ಹೇಳ್ಬೇಕೋ? ಬೀದಿಗೆಲ್ಲ ಕಾಣ್ತಿದೆಯಲ್ಲ.’

‘ಅತ್ತೆಗೆ ಇನ್ನೂ ಗೊತ್ತಿಲ್ಲ. ಬರ್ಲಿ ಅಂತ ಕಾಯ್ತಿದ್ದೀನಿ. ನಾನೇ ಹೇಳ್ತೀನಿ, ದಯವಿಟ್ಟು ನೀವು ಹೇಳ್ಬೇಡಿ.’

ಮಾಮನ ಕೈ ಬಾಗಿಲ ಚೌಕಟ್ಟನ್ನು ಹುಡುಕಿತು. ‘ನಿನ್ನತ್ತೆಗೇ ಗೊತ್ತಿಲ್ವಾ? ಅಂದ್ರೆ... ಅಯ್ಯೋ, ನಮ್ಮ ಹುಡುಗೀನೇನೋ?’

‘ಅವಳು ಮೊದಲು ಒಪ್ಪಲಿಲ್ಲ ಮಾಮ. ಆಮೇಲೆ ಒಪ್ಕೊಂಡ್ಳು.’

‘ಒಪ್ಕೊಂಡ್ಳಾ? ಏನಕ್ಕೆ ಒಪ್ಕೊಂಡ್ಳು?’

‘ಹೋಗೋಕೆ.’

‘ಹೋಗೋಕೆ ಯಾರಾದ್ರೂ ಒಪ್ತಾರೇನೋ ಮುಠ್ಠಾಳ!’ ಮಾಮನ ದನಿ ಒಡೆಯಿತು. ‘ಎಲ್ಲಿದಾಳೆ ಮಗು? ಒಳಗಾ, ಆಸ್ಪತ್ರೇಲಾ?’

‘ಅಂಗಡೀಲಿ. ಸರಕು ಎಣಿಸ್ತಿದ್ದಾಳೆ.’

ಆಗ ಅವನ ಕಣ್ಣು ಮಾಮನ ಹೆಗಲಾಚೆ ಹೋಯಿತು. ಬೀದಿ ಕತ್ತಲಾಗಿತ್ತು. ವಿದ್ಯುತ್ ಹೋಗಿರಲಿಲ್ಲ, ಬೀದಿದೀಪ ಉರಿಯುತ್ತಿತ್ತು, ಮನೆಗಳಷ್ಟೇ ಕತ್ತಲು. ಮಾಮನ ನಡುಮನೆ ಕತ್ತಲು, ಅದರ ಪಕ್ಕದ್ದು ಕತ್ತಲು, ತಿರುವಿನವರೆಗೆ ಒಂದು ಕಿಟಕಿಯಲ್ಲೂ ದೀಪವಿಲ್ಲ. ಆ ಕತ್ತಲ ಕಿಟಕಿಗಳ ಹಿಂದೆ ಜನ ನಿಂತಿರುವುದು ಮಾತ್ರ ಹೇಗೋ ತಿಳಿಯುತ್ತಿತ್ತು. ಗೇಟು ತೆರೆದು ಟೀಚರಕ್ಕ ಬಂದರು, ಒಂದು ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ಕಂಕುಳಲ್ಲಿ ಮಡಿಸಿದ ಚಾಪೆ. ‘ಯಾರು ಮಾಮ?’ ಎಂದು ಪಿಸುದನಿಯಲ್ಲಿ ಕೇಳಿದರು. ಅಮ್ಮನ ಮನೆಯ ಪಿಸುದನಿ ಅದು.

‘ಯಾರೂ ಅಲ್ಲಮ್ಮ,’ ಎಂದ ಮಾಮ, ಮೆಟ್ಟಿಲ ಮೇಲೆ ದೊಪ್ಪನೆ ಕೂತು. ‘ಯಾರೂ ಹೋಗಿಲ್ಲ. ಈ ಮಹಾರಾಯ ಸುಮ್ನೆ ಪರದೆ ಎಳ್ಕೊಂಡು ಕೂತಿದ್ದಾನೆ.’

‘ಸುಮ್ನೆ ಪರದೆ ಎಳೀತಾರಾ ಯಾರಾದ್ರೂ?’ ಎಂದರು ಟೀಚರಕ್ಕ, ನಿಜವಾಗಿಯೂ ಅರ್ಥವಾಗದೆ.

ಆಗ ಮಾಮ ಹೇಳಿದ. ಈ ಬೀದಿಯಲ್ಲಿ ಪರದೆ ಎಳೆಯುವುದು ಒಂದಕ್ಕೇ. ಪರದೆ ಎಳೆದ ಮನೆ ಎಂದರೆ ಸಾವಿನ ಮನೆ. ಅದು ಕಂಡೊಡನೆ ಉಳಿದವರು ತಮ್ಮ ತಮ್ಮ ದೀಪ ಆರಿಸುತ್ತಾರೆ, ಹತ್ತಿರದವರು ಹೋಗುತ್ತಾರೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ, ಹಾಗೇ ನಡೆದುಕೊಂಡು ಬಂದದ್ದು. ಅದಕ್ಕೇ ಬದುಕಿರುವಷ್ಟು ದಿನ ತೆರೆದಿಟ್ಟಿರುತ್ತಾರೆ. ‘ನಿಮ್ಮಾವ ಹೋದ ದಿನ ಎಳೆದಿದ್ದು ಈ ಪರದೆ. ಎಳೆದವನು ನಾನೇ. ಅವತ್ತು ನಿನ್ನ ಹೆಂಡ್ತಿ ಇಷ್ಟುದ್ದ, ಕಿಟಕಿ ತೆಗೀರಿ ಅಂತ ಇಡೀ ರಾತ್ರಿ ಅಳ್ತಿದ್ಲು. ನಿಂಗೆ ಹೇಳಿಲ್ವೇನೋ ಅವಳು?’ ಹೇಳಿರಲಿಲ್ಲ. ಇರ್ಲಿ ಅಂತ, ಎಂದು ಎದ್ದು ಹೋಗಿದ್ದಳು. ಕುರ್ಚಿ ಹತ್ತಿ ಬಿಡಿಸಿದ ಉಂಗುರಗಳು ಈಗ ಅವನ ಬೆರಳ ತುದಿಯಲ್ಲಿ ಕಿರುಗುಟ್ಟಿದವು. ಕ್ಷಮಿಸಿ ಎನ್ನುವುದು ಬಹಳ ಸಣ್ಣದಾಗಿ ಕಂಡಿತು. ಮಾಮ ಅವನನ್ನೇ ಓರೆಯಾಗಿ ನೋಡುತ್ತಿದ್ದ. ‘ಅದಿರ್ಲಿ, ಎಲ್ಲಿಗೆ ಹೋಗೋಕೆ ಒಪ್ಕೊಂಡ್ಳು ಅಂದೆ ನೀನು?’

ಉತ್ತರ ಹೇಳುವ ಮೊದಲೇ ತಿರುವಿನಲ್ಲಿ ಒಂದು ಆಕೃತಿ ಕಂಡಿತು. ಬೀದಿದೀಪದ ಕೆಳಗೆ ಬಂದಾಗ ಅತ್ತೆ ಎಂದು ತಿಳಿಯಿತು, ಒಂದು ಕೈಯಲ್ಲಿ ಬ್ಯಾಗು, ಎಂದಿನ ಅಳೆದ ನಡಿಗೆ. ಅವರು ತಲೆಯೆತ್ತಿ ಬೀದಿಯ ಕತ್ತಲನ್ನು ನೋಡಿದರು. ಯಾರ ಮನೆ ಎಂದು ಹುಡುಕುವವರಂತೆ ಒಂದೊಂದೇ ಕಿಟಕಿ ದಾಟಿಕೊಂಡು ಬಂದ ಅವರ ನೋಟ ತಮ್ಮ ಕಿಟಕಿಗೆ ಬಂದು ನಿಂತಿತು. ದಾರಿಯಲ್ಲಿ ಬಸ್ಸಿನಿಂದ ಮಗಳೊಂದಿಗೆ ಫೋನಿನಲ್ಲಿ ಮಾತಾಡಿದ್ದರಂತೆ, ಆಮೇಲೆ ತಿಳಿಯಿತು. ಮಗಳು ಅಂಗಡಿಯಲ್ಲಿದ್ದಾಳೆ, ತಾನು ಇಲ್ಲಿದ್ದೇನೆ. ಆ ಮನೆಯಲ್ಲಿ ಯಾರಿಗಾಗಿ ಪರದೆ ಎಳೆದಿದ್ದಾರೆ ಎಂದರೆ, ಉಳಿದವನು ಅಳಿಯನೊಬ್ಬನೇ. ಬ್ಯಾಗು ಕೆಳಗೆ ಬಿತ್ತು. ಅತ್ತೆ ಓಡಿದರು. ಓಡುವುದನ್ನು ಮರೆತೇ ಎಷ್ಟೋ ವರ್ಷವಾದವರು ಓಡುವ ಹಾಗೆ, ಮೊಣಕೈ ಅಗಲ ಮಾಡಿ, ಒಂದು ಚಪ್ಪಲಿ ಹಿಂದೆ ಬಿಟ್ಟು. ‘ಏನೂ ಆಗಿಲ್ಲ, ಏನೂ ಆಗಿಲ್ಲ!’ ಎಂದು ಮಾಮ ಬೊಚ್ಚು ಬಾಯಲ್ಲಿ ಕೂಗಿದ್ದು ಅವರಿಗೆ ಬೇರೇನೋ ಆಗಿ ಕೇಳಿಸಿರಬೇಕು. ಗೇಟು ತಳ್ಳಿಕೊಂಡು, ಟೀಚರಕ್ಕನ ಫ್ಲಾಸ್ಕು ಉರುಳಿಸಿ, ಬಾಗಿಲಲ್ಲಿ ನಿಂತಿದ್ದ ಅವನನ್ನೇ ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದರು. ಅವನನ್ನು ಸರಿಸಿದರು, ಆದರೆ ನೋಡಲಿಲ್ಲ.

‘ಎಲ್ಲಿದ್ದೀಯೋ?’ ಒಳಗಿನಿಂದ ಕೂಗು ಬಂತು. ಮೈಕಿನ ದನಿಯಲ್ಲ. ಅಂಥ ದನಿ ಆ ಗಂಟಲಲ್ಲಿ ಇತ್ತೆಂದು ಯಾರಿಗೂ ಗೊತ್ತಿರಲಾರದು. ‘ಏನಾಯ್ತೋ ನಿಂಗೆ? ಏಯ್, ಮಾತಾಡೋ! ಎಲ್ಲಿ ಮಲಗಿದ್ದೀಯೋ?’ ಕೋಣೆಯ ಬಾಗಿಲು ಗೋಡೆಗೆ ಬಡಿಯಿತು, ಬಚ್ಚಲಿನ ಬಾಗಿಲು ಬಡಿಯಿತು. ಅವನು ಹೊಸ್ತಿಲ ಮೇಲೆ ನಿಂತೇ ಇದ್ದ. ಇಲ್ಲಿದ್ದೀನಿ ಎಂದರೆ ಮುಗಿಯುತ್ತಿತ್ತು. ಎರಡು ಪದವೂ ಬೇಡ. ಆದರೆ ಆ ಕೂಗು ಅವನ ಮೈಯೊಳಗೆ ಎಲ್ಲೋ ಇಳಿಯುತ್ತಿತ್ತು. ಅಮ್ಮನನ್ನು ಬಿಟ್ಟರೆ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಇನ್ನೊಮ್ಮೆ, ಇನ್ನೊಂದೇ ಒಂದು ಸಲ ಕೇಳಿಸಲಿ ಎಂದು ಅವನು ಸುಮ್ಮನಿದ್ದ. ಹೆದರಿ ಕಂಗಾಲಾದ ಹೆಂಗಸನ್ನು ಇನ್ನೂ ಒಂದು ಕೋಣೆ ಹುಡುಕಲು ಬಿಟ್ಟು, ಬೊಗಸೆಯೊಡ್ಡಿ ನಿಂತ ಹಾಗೆ ನಿಂತಿದ್ದ. ಅಡುಗೆಮನೆಯಿಂದ ಮೂರನೆಯ ಕೂಗು ಬಂತು, ಈ ಸಲ ಕೂಗೂ ಅಲ್ಲ: ‘ಬಾರೋ...’ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

‘ಅತ್ತೆ, ಇಲ್ಲಿದ್ದೀನಿ.’

ಅತ್ತೆ ಹೊರಗೆ ಬಂದರು. ಅವನನ್ನು ನೋಡಿದರು, ಮೇಲಿನಿಂದ ಕೆಳಗೆ, ಅಮ್ಮ ಪರದೆಯ ಅಂಚನ್ನು ನೋಡುವ ಹಾಗೆ, ಎಲ್ಲೂ ಬಿರುಕಿಲ್ಲವಲ್ಲ ಎಂದು. ಹತ್ತಿರ ಬಂದು ಗಲ್ಲ ಹಿಡಿದು ಅತ್ತ ಇತ್ತ ತಿರುಗಿಸಿದರು. ಆಮೇಲೆ ಅವನ ತೋಳಿಗೆ ಒಂದು ಬಾರಿಸಿದರು, ಬಲವಾಗಿಯೇ. ‘ಪ್ರಾಣ ತೆಗೆದ್ಯಲ್ಲೋ!’ ಎಂದು ಅಲ್ಲೇ ಕುರ್ಚಿಯಲ್ಲಿ ಕುಸಿದರು.

‘ನಂಗೆ ಗೊತ್ತಿರ್ಲಿಲ್ಲ ಅತ್ತೆ. ನಮ್ಮನೇಲಿ ದಿನಾ ಎಳೀತಿದ್ವಿ.’

‘ದಿನಾ?’ ಅವರು ದಿಗ್ಭ್ರಮೆಯಿಂದ ನೋಡಿದರು. ಪ್ರತಿ ಸಂಜೆ ಒಂದು ಸಾವು ಎಂದು ಎಣಿಸುತ್ತಿದ್ದರೋ ಏನೋ. ‘ದಿನಾ ಎಳ್ಕೊಂಡು ಒಳಗೆ ಏನ್ ಮಾಡ್ತಿದ್ರೋ ಪಾಪ?’

‘ಇರ್ತಿದ್ವಿ, ಅಷ್ಟೇ,’ ಎಂದ. ಹೇಳಿದ ಮೇಲೆ ಅದು ನಿಜವೆನಿಸಿತು. ಅಲ್ಲಿ ಬಚ್ಚಿಟ್ಟುಕೊಂಡು ಇದ್ದರು, ಇಲ್ಲಿ ತೋರಿಸಿಕೊಂಡು ಇದ್ದಾರೆ. ಇದ್ದೇವೆ ಎನ್ನುವುದನ್ನು ಕಾಪಾಡಿಕೊಳ್ಳಲು ಅಮ್ಮನಿಗೆ ಒಂದು ದಾರಿ ಗೊತ್ತಿತ್ತು, ಇವರಿಗೆ ಇನ್ನೊಂದು.

ಅವನು ಕುರ್ಚಿ ಎಳೆದು ಹತ್ತಿದ. ಪರದೆ ಸರಿಸಿ, ಮಡಿಕೆ ಕೂಡಿಸಿ, ಪಟ್ಟಿ ಕಟ್ಟಿದ, ಗಂಟು ಓರೆಯಾಯಿತು. ದೊಡ್ಡ ದೀಪ ಹಾಕಿದ. ಒಂದು ಕ್ಷಣ ಬೀದಿ ಹಾಗೇ ಇತ್ತು. ಆಮೇಲೆ ಎದುರು ಮನೆಯಲ್ಲಿ ದೀಪ ಬಂತು, ಅದರ ಪಕ್ಕದಲ್ಲಿ ಬಂತು, ಸುದ್ದಿ ಬಾಯಿಂದ ಬಾಯಿಗೆ ಹೋಗುವ ವೇಗದಲ್ಲೇ ಬೆಳಕು ಕಿಟಕಿಯಿಂದ ಕಿಟಕಿಗೆ ಹೋಗಿ ತಿರುವು ದಾಟಿತು. ಯಾರೋ ಜೋರಾಗಿ ನಕ್ಕರು. ಒಂದು ಟಿವಿ ಅರ್ಧ ವಾಕ್ಯದಿಂದ ಮಾತು ಶುರು ಮಾಡಿತು. ಇಷ್ಟೂ ಜನ ತನಗಾಗಿ ಕತ್ತಲಲ್ಲಿ ಕೂತಿದ್ದರು ಎನ್ನುವುದು ಅವನಿಗೆ ಆಗ ಮುಟ್ಟಿತು. ಎರಡನೇ ಸಲ ಬಡಿಸಿಕೊಳ್ಳದಿದ್ದುದನ್ನು ಎಣಿಸಿದವರೇ ಇವರು.

ಅತ್ತೆಯ ಬ್ಯಾಗನ್ನೂ ಚಪ್ಪಲಿಯನ್ನೂ ಎತ್ತಿಕೊಂಡು ಬಂದ ಮಾಮ ಬಾಗಿಲಲ್ಲಿ ನಿಂತ. ‘ಅಲ್ಲಯ್ಯಾ, ಎಲ್ಲಿಗೆ ಹೋಗೋಕೆ ಅಂದೆ?’ ಎಂದು ಮೆಲ್ಲಗೆ ಕೇಳಿದ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಬಾಡಿಗೆ ಮನೆಯ ಯಜಮಾನ. ಅವನು ಮಾಮನ ಎದುರಿಗೇ ಎತ್ತಿದ.

‘ಏನಾಯ್ತು ಸಾರ್, ಬರ್ತೀರಾ?’

‘ಇಲ್ಲ, ಬರೋಕಾಗಲ್ಲ.’

‘ಯಾಕೆ? ಎದುರಿಗೆ ಗೋಡೆ ಅಂತಾನಾ? ನಂಗೊತ್ತಿತ್ತು.’

‘ಹೂಂ. ನಂದು ಹಲ್ಲಿನ ಕೆಲಸ ನೋಡಿ. ಬೆಳಕು ಬೇಕು.’

ಮಾಮ ಅವನನ್ನೂ ಫೋನನ್ನೂ ಒಳಗೆ ಕೂತಿದ್ದ ಅತ್ತೆಯನ್ನೂ ನೋಡಿದ. ಅರ್ಥವಾಗಿರಬೇಕು. ‘ಏನಂತೆ?’ ಎಂದು ಅತ್ತೆ ಒಳಗಿನಿಂದ ಕೇಳಿದಾಗ, ‘ಯಾರದೋ ಹಲ್ಲು ನೋವಂತೆ,’ ಎಂದ ಮಾಮ. ಹಾಗೆ ಎಂದವನಿಗೆ ತನ್ನ ಬಾಯಿಯ ನೆನಪಾಯಿತು. ಎರಡೂ ಕೈಯಿಂದ ತುಟಿ ಮುಚ್ಚಿಕೊಂಡು, ಬೆಳಗುತ್ತಿದ್ದ ಕಿಟಕಿಗಳ ನಡುವೆ ತಲೆ ತಗ್ಗಿಸಿ ತನ್ನ ಮನೆಗೆ ಓಡಿದ. ಬೀದಿಯವರೆಲ್ಲ ಆ ಹೊತ್ತಿಗೆ ಬೇರೆ ಕಡೆ ನೋಡುತ್ತಿದ್ದರು. ನೋಡದಿರುವುದೂ ಈ ಬೀದಿಗೆ ಗೊತ್ತಿದೆ ಎಂದು ಅವನು ಮೊದಲ ಸಲ ಗಮನಿಸಿದ.

ಹೆಂಡತಿ ಬಂದಾಗ ಹೇಳಲು ಏನೂ ಉಳಿದಿರಲಿಲ್ಲ. ತಿರುವಿನಿಂದ ಮನೆಯವರೆಗೆ ಪ್ರತಿ ಗೇಟಿನಲ್ಲೂ ಅವಳನ್ನು ನಿಲ್ಲಿಸಿ ಹೇಳಿದ್ದರು. ‘ಕೆಲವರು ಹೇಳೋ ಪ್ರಕಾರ ನೀನು ಎದ್ದು ಕೂತೆಯಂತೆ,’ ಎಂದಳು, ನಗುತ್ತ. ನಗುನಗುತ್ತಲೇ ಕಿಟಕಿಯ ಹತ್ತಿರ ಹೋಗಿ ಓರೆ ಗಂಟನ್ನು ಬಿಚ್ಚಿ ಸರಿಯಾಗಿ ಕಟ್ಟಿದಳು. ಕಟ್ಟುವಾಗ ಅವಳ ಬೆನ್ನು ಅವನಿಗೆ ಕಾಣುತ್ತಿತ್ತು. ‘ಅಮ್ಮನಿಗೆ ಹೇಳಿದ್ಯಾ?’ ಎಂದು ತಿರುಗದೆ ಕೇಳಿದಳು. ‘ಇಲ್ಲ. ಹೇಳೋಕೆ ಏನೂ ಇಲ್ಲ,’ ಎಂದ. ಅವಳು ಪಟ್ಟಿಯನ್ನು ಇನ್ನೊಮ್ಮೆ ಬಿಗಿದಳು, ಬಿಗಿಯಬೇಕಾದ್ದೇನೂ ಇರಲಿಲ್ಲ.

ಊಟವಾಯಿತು. ಎರಡನೇ ಸಲ ಬಡಿಸಿಕೊಂಡ. ಎದುರು ಮನೆಯಲ್ಲಿ ಮಾಮ, ಹಲ್ಲು ಹಾಕಿಕೊಂಡು, ತನ್ನ ತಟ್ಟೆಯನ್ನೇ ಎತ್ತಿ ತೋರಿಸಿದ. ಇವನೂ ಎತ್ತಿ ತೋರಿಸಿದ. ಅತ್ತೆ ಆ ಹೊತ್ತಿಗಾಗಲೇ ತಮ್ಮ ದನಿಗೆ ಹಿಂತಿರುಗಿದ್ದರು. ‘ನೀರು ಇಲ್ಲಿದೆ, ತಗೊಳ್ಳಿ.’ ‘ನಾಳೆ ಬೇಗ ಹೊರಡ್ತೀರಾ?’ ಬಹುವಚನ ಅದರ ಜಾಗಕ್ಕೆ ಬಂದು ಕೂತಿತ್ತು, ಪಟ್ಟಿ ಕಟ್ಟಿದ ಪರದೆಯ ಹಾಗೆ ನೀಟಾಗಿ. ಅದರ ಹಿಂದೆ ಏನಿದೆ ಎಂದು ಕಂಡವನಿಗೆ ಅದು ಇನ್ನು ಚುಚ್ಚುವಂತಿರಲಿಲ್ಲ. ಅವನು ಜೇಬಿನಿಂದ ಹತ್ತಿಯಲ್ಲಿ ಸುತ್ತಿದ ಹಲ್ಲನ್ನು ತೆಗೆದು ಕಿಟಕಿಯ ಅಂಚಿನ ಮೇಲಿಟ್ಟ. ಬೆಳಿಗ್ಗೆ ಬಿಸಿಲು ಮೊದಲು ಬೀಳುವುದು ಅಲ್ಲೇ. ಬೀದಿಯವರು ಬಂದು ಬಂದು ನೋಡಿದರೂ ನೋಡಲಿ, ಒಬ್ಬೊಬ್ಬರೂ ಒಂದೊಂದು ಬಣ್ಣ ಹೇಳಿದರೂ ಹೇಳಲಿ. ಬ್ಯಾಂಕಿನಾಕೆ ಕೈ ಅಡ್ಡವಿಲ್ಲದೆ ನಗಬೇಕು, ಅಷ್ಟೇ.

ಹೆಂಡತಿ ಒಳಗೆ ಹಾಸಿಗೆ ಹಾಸುತ್ತಿದ್ದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಡೆದಿತ್ತು. ಅದು ಇದ್ದಕ್ಕಿದ್ದಂತೆ ನಿಂತಿತು. ನಡುಮನೆಯ ಮೌನವನ್ನು ಯಾರೋ ಕಿವಿಗೊಟ್ಟು ಕೇಳುತ್ತಿದ್ದರು.

‘ಇದ್ದೀರಾ?’ ಎಂದರು ಅತ್ತೆ ಒಳಗಿನಿಂದ.

ಒಂದೇ ಒಂದು ಉಸಿರಿನಷ್ಟು ತಡ ಮಾಡಿದರೆ ಆ ಬಹುವಚನ ಕಳಚಿ ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಆಸೆಯೂ ಆಯಿತು. ತಡ ಮಾಡಲಿಲ್ಲ.

‘ಇದ್ದೀನಿ ಅತ್ತೆ,’ ಎಂದ, ಬೀದಿಗೂ ಕೇಳುವ ಹಾಗೆ.